ಸಜಾತಿ ಪದ, ವಿಜಾತಿ ಪದ

‘ವಿಜಾತಿ ಪದಗಳನ್ನು ಕೂಡಿಸಲು ಬರುವುದಿಲ್ಲ.’

ಕಪ್ಪುಹಲಗೆಯ ಮೇಲೆ ಇಷ್ಟು ಬರೆದು, ಅಡಿಗೆರೆ ಎಳೆದು, ಮಕ್ಕಳ ಕಡೆ ತಿರುಗಿದೆ. ಎಂಟನೇ ತರಗತಿ, ಬೀಜೋಕ್ತಿಗಳ ಪಾಠ, ನನ್ನ ಇಂಟರ್ನ್‌ಶಿಪ್ಪಿನ ಎರಡನೇ ವಾರ. ಮೂರು ಎಕ್ಸ್, ಐದು ಎಕ್ಸ್ ಸಜಾತಿ ಪದಗಳು, ಕೂಡಿದರೆ ಎಂಟು ಎಕ್ಸ್. ಮೂರು ಎಕ್ಸ್, ಐದು ವೈ ವಿಜಾತಿ, ಅವನ್ನು ಹಾಗೇ ಬಿಡಬೇಕು. ಮಾವಿನಹಣ್ಣಿಗೆ ಬಾಳೆಹಣ್ಣು ಕೂಡಿಸಲು ಆಗುತ್ತದೆಯೇ ಎಂಬ ಉದಾಹರಣೆಯನ್ನೂ ಕೊಟ್ಟಾಗಿತ್ತು.

ಎರಡನೇ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು. "ಮಿಸ್, ಸೈನ್ಸಲ್ಲಿ ಸಜಾತಿ ಧ್ರುವ ತಳ್ತವೆ, ವಿಜಾತಿ ಧ್ರುವ ಹತ್ರ ಬರ್ತವೆ ಅಂತ ಹೇಳ್ಕೊಟ್ಟಿದಾರೆ. ಗಣಿತದಲ್ಲಿ ಮಾತ್ರ ಯಾಕೆ ವಿಜಾತಿ ಸೇರಲ್ಲ?"

ಮುಂದಿನ ಬೆಂಚುಗಳಲ್ಲಿ ನಗು. ಹುಡುಗರ ಸಾಲಿನಿಂದ ಯಾರೋ "ಜಾತಿ ಬ್ಯಾರೆ ಕಣೇ" ಅಂದರು. ಮತ್ತೊಂದು ಸುತ್ತು ನಗು. ಪಾಠಯೋಜನೆಯ ಪ್ರಕಾರ ನನಗೆ ಉಳಿದಿದ್ದದ್ದು ಏಳು ನಿಮಿಷ, ಇನ್ನೂ ಎರಡು ಲೆಕ್ಕ ಬಾಕಿ ಇದ್ದವು. "ಅದು ಬೇರೆ ವಿಷಯ, ಕೂತ್ಕೊ" ಅಂದುಬಿಟ್ಟೆ. ಕಿಟಕಿ ಪಕ್ಕದ ಕೊನೆಯ ಎರಡು ಬೆಂಚುಗಳು ನಗಲಿಲ್ಲ ಎಂಬುದು ಆಗಲೇ ನನ್ನ ಕಣ್ಣಿಗೆ ಬಿತ್ತು ಎಂದರೆ ಸುಳ್ಳಾದೀತು. ಎಷ್ಟೋ ವಾರಗಳ ಮೇಲೆ ಆ ದಿನವನ್ನು ಮತ್ತೆ ನೆನೆದಾಗ ಕಂಡದ್ದು ಅದು.

ನಾನು ಬಿ.ಎಡ್. ಎರಡನೇ ವರ್ಷದ ವಿದ್ಯಾರ್ಥಿನಿ, ವಿಷಯ ಗಣಿತ. 2015ರಿಂದ ಬಿ.ಎಡ್. ಎರಡು ವರ್ಷದ ಕೋರ್ಸು. ಒಟ್ಟು 20 ವಾರ ಶಾಲೆಯಲ್ಲಿ ಕಳೆಯಬೇಕು, ಅದರಲ್ಲಿ 16 ವಾರ ಎರಡನೇ ವರ್ಷದಲ್ಲೇ. ಮೊದಲ ವರ್ಷ ನಾವು ಸೂಕ್ಷ್ಮ ಬೋಧನೆ ಕಲಿತೆವು. ಆರು ನಿಮಿಷ ಪಾಠ, ಆರು ನಿಮಿಷ ಹಿಮ್ಮಾಹಿತಿ, ಹನ್ನೆರಡು ನಿಮಿಷ ಮರುಯೋಜನೆ, ಮತ್ತೆ ಆರಾರು ನಿಮಿಷ ಮರುಬೋಧನೆ, ಮರುಹಿಮ್ಮಾಹಿತಿ, ಹೀಗೆ ಒಟ್ಟು 36 ನಿಮಿಷ. ಎದುರಿಗೆ ಕೂರುವವರು ನಮ್ಮ ಗೆಳತಿಯರೇ. ಪ್ರಶ್ನೆ ಕೇಳಿದರೆ ಕೈ ಎತ್ತುತ್ತಾರೆ, ಮೊದಲೇ ಮಾತಾಡಿಕೊಂಡ ಹಾಗೆ ಒಂದೆರಡು ತಪ್ಪು ಉತ್ತರವನ್ನೂ ಕೊಡುತ್ತಾರೆ. ಮನೋವಿಜ್ಞಾನದ ಪೇಪರಿನಲ್ಲಿ ಕಲಿಕೆಯ ಪ್ರಯೋಗಗಳು: ಪಾವ್ಲೋವನ ನಾಯಿ, ಥಾರ್ನ್‌ಡೈಕನ ಬೆಕ್ಕು, ಸ್ಕಿನ್ನರನ ಇಲಿ, ಕೋಹ್ಲರನ ಚಿಂಪಾಂಜಿ. ಮಕ್ಕಳು ಕಲಿಯುವ ಬಗೆಯ ಕುರಿತು ಸಿದ್ಧಾಂತ ಕೊಟ್ಟ, 1896ರಲ್ಲೇ ಹುಟ್ಟಿದ ಪಿಯಾಜೆ, ವೈಗಾಟ್‌ಸ್ಕಿ ಇಬ್ಬರ ನಡುವಿನ ವ್ಯತ್ಯಾಸವಂತೂ ನನಗೆ ಬಾಯಿಪಾಠ. ಇವೆಲ್ಲ ಬೇಡದ್ದು ಎನ್ನುತ್ತಿಲ್ಲ. ಎಲ್ಲವೂ ಬೇಕಾದವೇ. ಆದರೆ ಬೇಕಾಗುವ ಹೊತ್ತಿಗೆ ಅವು ನೆನಪಿಗೆ ಬರಲಿಲ್ಲ. ಬಂದಾಗ ಕಾಲ ಮೀರಿತ್ತು.

ನನ್ನನ್ನು ಹಾಕಿದ್ದು ತುಮಕೂರು ಜಿಲ್ಲೆಯ ತೆಂಗಿನ ಸೀಮೆಯ ಒಂದು ಸರ್ಕಾರಿ ಪ್ರೌಢಶಾಲೆಗೆ. ಎಂಟನೇ ತರಗತಿಯಲ್ಲಿ 34 ಮಕ್ಕಳು. ಮೊದಲ ದಿನವೇ ಮಾರ್ಗದರ್ಶಕ ಮೇಷ್ಟ್ರು ಹಾಜರಿ ಪುಸ್ತಕ ಬಿಡಿಸಿ, ಪೆನ್ನಿನ ತುದಿಯಿಂದ ಹೆಸರುಗಳನ್ನು ತೋರಿಸುತ್ತ ಹೋದರು. "ಇವಳು ಚುರುಕು. ಇವನು ಪರವಾಗಿಲ್ಲ. ಇವನು ಬಾಯೇ ಬಿಡಲ್ಲ, ನಿಮ್ಮ ಕೇಸ್ ಸ್ಟಡಿಗೆ ಇವನನ್ನೇ ತಗೊಳ್ಳಿ, ಸ್ಲೋ ಲರ್ನರ್." ಅವರು ಕೆಟ್ಟ ಮೇಷ್ಟ್ರಲ್ಲ. ಹತ್ತನೇ ತರಗತಿಯ ಫಲಿತಾಂಶದ ಭಾರವೆಲ್ಲ ಅವರ ತಲೆಯ ಮೇಲಿತ್ತು. ಬೆಳಿಗ್ಗೆ ಒಂದು ಗಂಟೆ ಮೊದಲೇ ಬಂದು ವಿಶೇಷ ತರಗತಿ ತೆಗೆದುಕೊಳ್ಳುತ್ತಿದ್ದರು. ಆದರೂ ಆ ಎರಡು ಪದಗಳನ್ನು ನಾನು ಹಾಗೇ ರೆಕಾರ್ಡಿಗೆ ಇಳಿಸಿಕೊಂಡೆ. ಹುಡುಗನ ಮುಖ ನೋಡುವ ಮೊದಲೇ ಅವನು ನನ್ನ ಪುಸ್ತಕದಲ್ಲಿ ಸ್ಲೋ ಲರ್ನರ್ ಆಗಿದ್ದ. ಶಿಕ್ಷಕರು ಮಗುವಿನಿಂದ ಏನು ನಿರೀಕ್ಷಿಸುತ್ತಾರೋ ಅದರಂತೆಯೇ ಅದರ ಕಲಿಕೆಯೂ ಸಾಗುತ್ತದೆ ಎಂದು ರೋಸೆಂಥಾಲ್ ಮತ್ತು ಜೇಕಬ್‌ಸನ್ 1968ರಲ್ಲಿ ಪ್ರಕಟಿಸಿದ ಅಧ್ಯಯನದ ಕುರಿತು ಮೊದಲ ಸೆಮಿಸ್ಟರಿನಲ್ಲಿ ನಾನೇ ಸೆಮಿನಾರ್ ಕೊಟ್ಟಿದ್ದೆ.

ಅವನ ನಿಜವಾದ ಹೆಸರು ಬರೆಯಲಾರೆ. ಮಂಜ ಎಂದಿಟ್ಟುಕೊಳ್ಳೋಣ.

ಮೂರನೇ ವಾರ ನನ್ನದೇ ಒಂದು ಪಾಠವನ್ನು ಫೋನಿನಲ್ಲಿ ಧ್ವನಿಮುದ್ರಿಸಿಕೊಂಡೆ. ಕಾಲೇಜಿನಲ್ಲಿ ಹೇಳಿದ್ದಕ್ಕಲ್ಲ, ನನ್ನ ಉಚ್ಚಾರಣೆ ಹೇಗಿದೆಯೆಂದು ನೋಡುವುದಕ್ಕೆ. ರಾತ್ರಿ ರೂಮಿನಲ್ಲಿ ಹಾಕಿಕೊಂಡು ಕೇಳಿದರೆ ಎದೆ ಧಸಕ್ಕೆಂದಿತು. ಪ್ರಶ್ನೆ ಕೇಳುತ್ತೇನೆ, ಉಸಿರು ಎಳೆದುಕೊಳ್ಳುವಷ್ಟೂ ಬಿಡುವು ಕೊಡದೆ ಇನ್ನೊಬ್ಬರ ಹೆಸರು ಕರೆಯುತ್ತೇನೆ, ಅಥವಾ ನಾನೇ ಉತ್ತರ ಹೇಳಿ "ಅಲ್ವಾ?" ಅನ್ನುತ್ತೇನೆ. ಮಕ್ಕಳು "ಹೂಂ ಮಿಸ್" ಅನ್ನುತ್ತಾರೆ. ನಲವತ್ತು ನಿಮಿಷದುದ್ದಕ್ಕೂ ಇದೇ. ಮೇರಿ ಬಡ್ ರೋ ಎಂಬ ಅಮೆರಿಕದ ವಿಜ್ಞಾನ ಶಿಕ್ಷಣ ತಜ್ಞೆ ಕಂಡುಕೊಂಡದ್ದು ಇದನ್ನೇ. ಶಿಕ್ಷಕರು ಪ್ರಶ್ನೆ ಕೇಳಿ ಉತ್ತರಕ್ಕೆ ಕಾಯುವುದು ಸರಾಸರಿ ಒಂದು ಸೆಕೆಂಡು. ಅದನ್ನು ಮೂರು ಸೆಕೆಂಡಿಗೆ ಏರಿಸಿದರೆ ಮಕ್ಕಳ ಉತ್ತರ ಉದ್ದವಾಗುತ್ತದೆ, ಸಾಮಾನ್ಯವಾಗಿ ಮಾತಾಡದ ಮಕ್ಕಳೂ ಬಾಯಿ ಬಿಡುತ್ತಾರೆ.

ಮರುದಿನದಿಂದ ಪ್ರಶ್ನೆ ಕೇಳಿ ಮನಸ್ಸಿನಲ್ಲೇ ಐದರವರೆಗೆ ಎಣಿಸತೊಡಗಿದೆ. ಆ ಐದು ಎಣಿಕೆ ಎಷ್ಟು ಉದ್ದವೆಂದು ತರಗತಿಯ ಮುಂದೆ ನಿಂತವರಿಗಷ್ಟೇ ಗೊತ್ತು. ಫ್ಯಾನಿನ ಸದ್ದು ಕೇಳುತ್ತದೆ, ಯಾರೋ ಕೆಮ್ಮುತ್ತಾರೆ, ಮೂವತ್ನಾಲ್ಕು ಮುಖಗಳು ನನಗೇನೋ ಆಯಿತೆಂಬಂತೆ ನೋಡುತ್ತವೆ. ನಾಲ್ಕನೇ ದಿನ, ನಾಲ್ಕನೇ ಎಣಿಕೆಗೆ, ಕಿಟಕಿ ಪಕ್ಕದಿಂದ ತೀರಾ ಸಣ್ಣ ದನಿಯಲ್ಲಿ "ಹನ್ನೆಲ್ಡು ಎಕ್ಸು" ಎಂಬ ಉತ್ತರ ಬಂತು. ಮಂಜ. ಉತ್ತರ ಸರಿಯಾಗಿತ್ತು.

ಆಗ ನಾನು ಮಾಡಿದ್ದು ದೊಡ್ಡ ತಪ್ಪು. ಪುನರ್ಬಲನ ಕೌಶಲದಲ್ಲಿ, ಅಂದರೆ ಸರಿ ಉತ್ತರ ಕೊಟ್ಟ ಮಗುವನ್ನು ಹುರಿದುಂಬಿಸುವುದರಲ್ಲಿ, ಹತ್ತಕ್ಕೆ ಒಂಬತ್ತು ಅಂಕ ಪಡೆದವಳು ನಾನು. "ಭೇಷ್! ಮಂಜ ಇವತ್ತು ಉತ್ತರ ಹೇಳಿದಾನೆ, ಎಲ್ಲರೂ ಚಪ್ಪಾಳೆ ತಟ್ಟಿ!" ಅಂದೆ. ಚಪ್ಪಾಳೆ ಬಿತ್ತು. ಮಂಜ ತಲೆ ಬಗ್ಗಿಸಿದ. ಮರುದಿನ ಶಾಲೆಗೆ ಬರಲಿಲ್ಲ, ಅದರ ಮರುದಿನವೂ ಇಲ್ಲ. ಮೂರನೇ ದಿನ ಬಂದವನು ನನ್ನ ಕಡೆ ನೋಡಲೇ ಇಲ್ಲ. ಆಟದ ಪೀರಿಯಡ್ಡಿನಲ್ಲಿ ಹುಡುಗರು ಅವನನ್ನು ಸುತ್ತುಗಟ್ಟಿ ಚಪ್ಪಾಳೆ ತಟ್ಟುತ್ತ "ಮಿಸ್ ಮಗ, ಮಿಸ್ ಮಗ" ಅಂದಿದ್ದರಂತೆ. ಇದನ್ನು ನನಗೆ ಹೇಳಿದ್ದು ಆ ಅಯಸ್ಕಾಂತದ ಪ್ರಶ್ನೆ ಕೇಳಿದ ಹುಡುಗಿ.

ಸ್ಕಿನ್ನರ್ ಪುನರ್ಬಲನಕ್ಕೆ ಕೊಟ್ಟ ವ್ಯಾಖ್ಯೆಯನ್ನು ಅವತ್ತು ಮತ್ತೆ ತೆರೆದು ಓದಿದೆ. ಯಾವುದರಿಂದ ಒಂದು ವರ್ತನೆ ಹೆಚ್ಚುತ್ತದೋ ಅದು ಪುನರ್ಬಲಕ. ಕೊಡುವವರ ಮನಸ್ಸಿನಲ್ಲಿ ಏನಿತ್ತು ಎಂಬುದಕ್ಕೆ ಅಲ್ಲಿ ಜಾಗವೇ ಇಲ್ಲ. ನಾನು ಬಹುಮಾನವೆಂದು ಕೊಟ್ಟ ಚಪ್ಪಾಳೆಯಿಂದ ಅವನ ಮಾತು ನಿಂತಿತು ಎಂದಮೇಲೆ ಅದು ಶಿಕ್ಷೆಯೇ. ಪರೀಕ್ಷೆಗೆ ಇದೇ ವ್ಯಾಖ್ಯೆಯನ್ನು ಒಂದಕ್ಷರ ತಪ್ಪದೆ ಬರೆದಿದ್ದೆ, ಅದು ಏನು ಹೇಳುತ್ತಿದೆ ಎಂಬುದು ಮಾತ್ರ ಒಳಗೆ ಇಳಿದಿರಲಿಲ್ಲ. ಅವನ ಹತ್ತಿರ ಹೋಗಿ, ಬೇರೆ ಯಾರಿಗೂ ಕೇಳದ ಹಾಗೆ "ತಪ್ಪಾಯ್ತು ಕಣಪ್ಪ, ಹಾಗೆ ಮಾಡಬಾರದಿತ್ತು" ಅಂದೆ. ಅವನು ಏನೂ ಹೇಳಲಿಲ್ಲ. ನೋಟ್ಸಿನಲ್ಲಿ ಅವನ ಲೆಕ್ಕ ಸರಿಯಿದ್ದಾಗ ಪಕ್ಕದಲ್ಲಿ ಪೆನ್ಸಿಲಿನಿಂದ ಒಂದು ಸಣ್ಣ ಚುಕ್ಕೆ ಇಟ್ಟು ಮುಂದೆ ಹೋಗುವುದನ್ನು ಅಂದಿನಿಂದ ರೂಢಿ ಮಾಡಿಕೊಂಡೆ. ಅದು ನಮ್ಮಿಬ್ಬರಿಗೆ ಬಿಟ್ಟು ಇನ್ನೊಬ್ಬರಿಗೆ ಗೊತ್ತಾಗುತ್ತಿರಲಿಲ್ಲ.

ಆರನೇ ವಾರ ಘಟಕ ಪರೀಕ್ಷೆ. ನೀಲನಕ್ಷೆ ಹಾಕಿ, ಕಠಿಣತೆಯ ಮಟ್ಟವನ್ನೆಲ್ಲ ಅಳೆದು ತೂಗಿ, 25 ಅಂಕದ ಪ್ರಶ್ನೆಪತ್ರಿಕೆ ತಯಾರು ಮಾಡಿದ್ದೆ. ಪೀರಿಯಡ್ ಶುರುವಾಗುವ ಹೊತ್ತಿಗೆ ಆಫೀಸಿನಿಂದ ಒಂದು ಪಟ್ಟಿ ಬಂತು. ವಿದ್ಯಾರ್ಥಿವೇತನದ ಅರ್ಜಿಗೆ ಜಾತಿ ಮತ್ತು ಆದಾಯ ಪ್ರಮಾಣಪತ್ರ ಕೊಡದ ಮಕ್ಕಳ ಹೆಸರು, ಹೆಸರಿನ ಮುಂದೆ ವರ್ಗ. ಕೊನೆಯ ದಿನಾಂಕ ಹತ್ತಿರವಿತ್ತು, ಓದಿ ಹೇಳಿಬಿಡಿ ಎಂದು ಹೇಳಿಕಳಿಸಿದ್ದರು. ನಾನು ಓದಿದೆ. "ಈ ಹೆಸರಿನವರು ಎದ್ದು ನಿಲ್ಲಿ" ಅಂದೆ. ಬರೀ ಹೆಸರು ಓದಿದ್ದರೆ ಸಾಕಿತ್ತು. ಪಟ್ಟಿಯಲ್ಲಿ ಇದ್ದಂತೆ ವರ್ಗವನ್ನೂ ಸೇರಿಸಿ ಓದಿದೆ. ಎದ್ದು ನಿಂತವರಲ್ಲಿ ಮಂಜನೂ ಇದ್ದ. ಅವರನ್ನು ಕೂರಿಸಿ, ಪ್ರಶ್ನೆಪತ್ರಿಕೆ ಹಂಚಿದೆ.

ಮಂಜನ ಉತ್ತರಪತ್ರಿಕೆಯಲ್ಲಿ ಅವನ ಹೆಸರು, ಹಾಜರಿ ಸಂಖ್ಯೆ, ದಿನಾಂಕ ಇದ್ದವು. ಅಕ್ಷರ ದುಂಡಗಿತ್ತು. ಉಳಿದದ್ದು ಖಾಲಿ.

ಆ ಶನಿವಾರ ಕಾಲೇಜಿಗೆ ಹೋದಾಗ ನಮ್ಮ ಮನೋವಿಜ್ಞಾನದ ಮೇಡಂಗೆ ಎಲ್ಲ ಹೇಳಿದೆ. ಪಟ್ಟಿ ಓದಿದ್ದನ್ನು ಸುಮ್ಮನೆ ಮಾತಿನ ನಡುವೆ ಹೇಳಿದ್ದು, ಅದಕ್ಕೂ ಖಾಲಿ ಹಾಳೆಗೂ ಸಂಬಂಧವಿದ್ದೀತು ಎಂಬ ಯೋಚನೆ ನನಗೆ ಬಂದಿರಲಿಲ್ಲ. ಅವರು ಒಂದು ಅಧ್ಯಯನ ತೆಗೆದುಕೊಟ್ಟರು. ಕಾರ್ಲಾ ಹಾಫ್ ಮತ್ತು ಪ್ರಿಯಾಂಕಾ ಪಾಂಡೆ ಉತ್ತರ ಪ್ರದೇಶದ ಹಳ್ಳಿಗಳಲ್ಲಿ ಮಾಡಿ 2004ರಲ್ಲಿ ಪ್ರಕಟಿಸಿದ್ದು. ಆರು, ಏಳನೇ ತರಗತಿಯ ಹುಡುಗರು, ಮೇಲ್ಜಾತಿಯವರು 321, ಕೆಳಜಾತಿಯವರು 321. ಕಾಗದದ ಮೇಲೆ ಚಕ್ರವ್ಯೂಹದಂಥ ಒಗಟುಗಳು, ಬಿಡಿಸಿದಷ್ಟಕ್ಕೆ ದುಡ್ಡು. ಯಾರ ಜಾತಿಯನ್ನೂ ಹೇಳದೆ ಕೂರಿಸಿದಾಗ ಎರಡೂ ಗುಂಪಿನ ಹುಡುಗರು ಒಂದೇ ಸಮ ಬಿಡಿಸಿದರು. ಬಿಡಿಸುವ ಮುನ್ನ ಪ್ರತಿಯೊಬ್ಬನ ಹೆಸರು, ಊರು, ತಂದೆ ಹೆಸರು, ತಾತನ ಹೆಸರು, ಜಾತಿ ಎಲ್ಲವನ್ನೂ ಎಲ್ಲರೆದುರು ಓದಿ ಹೇಳಿದಾಗ ಕೆಳಜಾತಿಯ ಹುಡುಗರು ಬಿಡಿಸಿದ ಒಗಟುಗಳ ಸಂಖ್ಯೆ ಇಳಿಯಿತು. ಒಗಟು ಅದೇ, ದುಡ್ಡು ಅಷ್ಟೇ, ಹುಡುಗರೂ ಅಂಥವರೇ.

ಬಸ್ಸಿನಲ್ಲಿ ವಾಪಸು ಬರುವಾಗ ಆ ಹಾಳೆಗಳು ತೊಡೆಯ ಮೇಲಿದ್ದವು. ಕೈ ತಣ್ಣಗಾಗಿತ್ತು. ಮಂಜನ ಖಾಲಿ ಹಾಳೆಗೆ ನಾನು ಓದಿದ ಪಟ್ಟಿಯೇ ಕಾರಣವೆಂದು ಸಾಬೀತು ಮಾಡಲಾರೆ. ಒಬ್ಬ ಹುಡುಗ, ಒಂದು ದಿನ. ಹೊಟ್ಟೆನೋವಿದ್ದಿರಬಹುದು, ಮನೆಯಲ್ಲಿ ಏನೋ ಆಗಿದ್ದಿರಬಹುದು. ಆದರೆ ಆ ಅಧ್ಯಯನದಲ್ಲಿ ಸಂಶೋಧಕರು ಬೇಕೆಂದೇ ಏರ್ಪಡಿಸಿದ ಸನ್ನಿವೇಶವನ್ನು ನಾನು ಏನೂ ಅರಿಯದೆ, ಸರ್ಕಾರಿ ಕೆಲಸವೆಂದು, ಹಾಗ್ಹಾಗೇ ನಡೆಸಿಕೊಟ್ಟಿದ್ದೆ. ಅದರಲ್ಲಿ ಅನುಮಾನವಿಲ್ಲ.

ನಾನು ಮಂಜನ ಕೇರಿಯವಳಲ್ಲ. ಇದನ್ನು ಇಲ್ಲಿ ಹೇಳಲೇಬೇಕು, ಇಲ್ಲದಿದ್ದರೆ ಈ ಬರಹಕ್ಕೆ ಅರ್ಥವಿಲ್ಲ. ನನ್ನ ಶಾಲಾ ದಿನಗಳಲ್ಲಿ ಯಾರೂ ನನ್ನ ವರ್ಗವನ್ನು ಓದಿ ಎದ್ದು ನಿಲ್ಲಿಸಿರಲಿಲ್ಲ. ಯಾವ ಬೆಂಚಿನಲ್ಲಿ ಕೂರಬೇಕೆಂದು ನಾನು ಒಂದು ದಿನವೂ ಯೋಚಿಸಿದವಳಲ್ಲ. ಕಾಣದೇ ಇದ್ದದ್ದು ಇದೇ ಕಾರಣಕ್ಕೆ.

ಆಮೇಲೆ ಸಮಾಜಮಿತಿ, ಅಂದರೆ ತರಗತಿಯಲ್ಲಿ ಯಾರಿಗೆ ಯಾರು ಹತ್ತಿರ ಎಂದು ಅಳೆಯುವುದು. ಬಿ.ಎಡ್. ಮಾಡಿದವರಿಗೆಲ್ಲ ಇದು ಗೊತ್ತು. ನಮ್ಮಲ್ಲಿ ಬಹಳಷ್ಟು ಜನ ಹಿಂದಿನ ವರ್ಷದವರ ರೆಕಾರ್ಡ್ ನೋಡಿಕೊಂಡು, ಬಣ್ಣದ ಸ್ಕೆಚ್ ಪೆನ್ನಿನಲ್ಲಿ ಅಂದವಾಗಿ ಬರೆದು ಮುಗಿಸುತ್ತಾರೆ. 1934ರಲ್ಲಿ ಜೇಕಬ್ ಮೊರೆನೊ ಅಮೆರಿಕದಲ್ಲಿ ಬೆಳಕಿಗೆ ತಂದ ಪದ್ಧತಿ. ಪ್ರತಿ ಮಗುವಿಗೂ ಗುಟ್ಟಾಗಿ ಕೇಳಬೇಕು: ಗುಂಪು ಕೆಲಸಕ್ಕೆ ನಿನ್ನ ಜೊತೆ ಯಾರು ಮೂವರು ಬೇಕು? ಹುಡುಗರಿಗೆ ತ್ರಿಕೋನ, ಹುಡುಗಿಯರಿಗೆ ವೃತ್ತ, ಒಳಗೆ ಹಾಜರಿ ಸಂಖ್ಯೆ, ಆಯ್ಕೆಗೊಂದು ಬಾಣ. ಹೆಚ್ಚು ಬಾಣ ಬಂದವರು ತಾರೆಗಳು, ಒಂದೂ ಬರದವರು ಒಂಟಿಗಳು. ನಾನು ಚೀಟಿ ಬರೆಸಿ, ಡ್ರಾಯಿಂಗ್ ಶೀಟಿನ ಮೇಲೆ ಎರಡು ರಾತ್ರಿ ಕೂತು ಬಾಣಗಳನ್ನು ಎಳೆದೆ.

ಹುಡುಗ ಹುಡುಗಿಯರ ನಡುವೆ ಬಾಣ ಓಡಾಡದು ಎಂದು ಮೊದಲೇ ಊಹಿಸಿದ್ದೆ. ಹಾಗೇ ಆಯಿತು. ಆದರೆ ಶೀಟಿನ ಒಂದು ಮೂಲೆಯಲ್ಲಿ ಏಳು ಮಕ್ಕಳು ಬೇರೆಯೇ ಒಂದು ಗೊಂಚಲಾಗಿ ನಿಂತರು. ಅವರಿಂದ ಹೊರಗಿನವರ ಕಡೆ ಏಳು ಬಾಣ ಹೋಗಿದ್ದವು. ಹೊರಗಿನ 27 ಮಕ್ಕಳಿಂದ ಅವರ ಕಡೆ ಬಂದದ್ದು ಎರಡೇ. ಆ ಏಳು ಸಂಖ್ಯೆಗಳನ್ನು ಎಲ್ಲೋ ಒಟ್ಟಿಗೆ ನೋಡಿದ ನೆನಪು. ಬ್ಯಾಗಿನಿಂದ ವಿದ್ಯಾರ್ಥಿವೇತನದ ಪಟ್ಟಿಯ ಜೆರಾಕ್ಸ್ ತೆಗೆದು, ಹಾಜರಿ ಪುಸ್ತಕದ ವರ್ಗದ ಕಲಂ ಜೊತೆ ತಾಳೆ ನೋಡಿದೆ. ಏಳೂ ಒಂದೇ ಕೇರಿಯ ಮಕ್ಕಳು. ಕಿಟಕಿ ಪಕ್ಕದ ಕೊನೆಯ ಎರಡು ಬೆಂಚುಗಳು ಅವರವೇ. ಯಾರೂ ಅವರನ್ನು ಅಲ್ಲಿ ಕೂರಿಸಿರಲಿಲ್ಲ, ಎಲ್ಲರೂ ತಾವಾಗಿಯೇ ಬಂದು ಅಲ್ಲಲ್ಲಿ ಕೂರುತ್ತಿದ್ದರು. ಬಿಸಿಯೂಟಕ್ಕೆ ಎಲ್ಲರೂ ಒಂದೇ ವರಾಂಡದಲ್ಲಿ ಕೂತರೂ ಸಾಲು ಹೀಗೇ ಬೀಳುತ್ತಿತ್ತು ಎಂಬುದನ್ನು ಮರುದಿನ ನೋಡಿದೆ. ಆ ಏಳರಲ್ಲೂ ಮಂಜನಿಗೆ ಒಂದು ಬಾಣವೂ ಬಂದಿರಲಿಲ್ಲ. ಅವನು ಮೂರು ಹೆಸರಿನ ಬದಲು ಒಂದೇ ಹೆಸರು ಬರೆದಿದ್ದ, ಕ್ಲಾಸ್ ಲೀಡರಿನದು.

ವ್ಯಕ್ತಿ ಅಧ್ಯಯನದ, ಅಂದರೆ ಆ ಕೇಸ್ ಸ್ಟಡಿಯ, ನಮೂನೆಯಲ್ಲಿ ‘ಕೌಟುಂಬಿಕ ಹಿನ್ನೆಲೆ’ ಎಂಬ ಕಲಂ ಇದೆ. ಅದನ್ನು ಶಾಲೆಯಲ್ಲೇ ಕೇಳಿ ತುಂಬಿಸಬಹುದಿತ್ತು. ಒಂದು ಭಾನುವಾರ ಮಂಜನ ಮನೆಗೆ ಹೋದೆ. ಅವನ ಅಮ್ಮ ಬಾಗಿಲಲ್ಲಿ "ಬನ್ನಿ ಮೇಡಮ್ಮೋರೆ" ಎಂದು ಚಾಪೆ ಹಾಸಿ, ನಿಂತೇ ಇದ್ದರು. "ಅಂಗ್ಡಿಯಿಂದ ಸೋಡಾ ತರುಸ್ತೀನಿ, ವಸಿ ಕೂತ್ಕಳಿ" ಅಂದರು. "ಬೇಡಮ್ಮ, ನೀರು ಕೊಡಿ ಸಾಕು" ಅಂದೆ. ಅವರು ಒಂದು ಕ್ಷಣ ನನ್ನ ಮುಖ ನೋಡಿದರು. "ನಮ್ಮನೆ ನೀರು ಕುಡಿತೀರಾ?" ಎಂದು ಕೇಳಿ, ಲೋಟವನ್ನು ಮತ್ತೊಮ್ಮೆ ತೊಳೆದು ತಂದರು. ನೀರು ಕುಡಿದೆ. ಅದರ ಬಗ್ಗೆ ಇನ್ನೇನೂ ಬರೆಯಲು ನನಗೆ ಮನಸ್ಸಿಲ್ಲ. ಆ ಪ್ರಶ್ನೆ ಮಾತ್ರ ಈಗಲೂ ಕಿವಿಯಲ್ಲಿದೆ.

ಮಂಜ ಅಪ್ಪನ ಜೊತೆ ಒಂದು ತೋಟದಲ್ಲಿದ್ದ. ಅಮ್ಮನೇ ಕರೆದುಕೊಂಡು ಹೋದರು. ಅಪ್ಪ ನೆಲಕ್ಕೆ ನೆಟ್ಟ ಕಬ್ಬಿಣದ ಮೊನೆಗೆ ಕಾಯಿ ಚುಚ್ಚಿ, ಎರಡೇ ತಿರುವಿಗೆ ಸಿಪ್ಪೆ ಬಿಡಿಸಿ ಎಸೆಯುತ್ತಿದ್ದರು. ಮಂಜ ಎಣಿಸಿ ಗುಡ್ಡೆ ಹಾಕುತ್ತಿದ್ದ. ಸಂಜೆ ತೋಟದ ಯಜಮಾನರು ಕೂಲಿ ಲೆಕ್ಕಕ್ಕೆ ಬಂದಾಗ ನಾನಿನ್ನೂ ಅಲ್ಲೇ ಇದ್ದೆ. "ಎಷ್ಟಾಯ್ತೋ?" "ಸಾವ್ರದ ಇನ್ನೂರ ನಲವತ್ತು." ಕಾಯಿಗೆ 90 ಪೈಸೆಯಂತೆ ಮಾತಾಗಿತ್ತು. ಯಜಮಾನರು ಫೋನಿನ ಕ್ಯಾಲ್ಕುಲೇಟರ್ ತೆಗೆಯುವಷ್ಟರಲ್ಲಿ ಮಂಜ "ಸಾವ್ರದ ನೂರ ಹದಿನಾರು ರೂಪಾಯಿ" ಅಂದ.

"ಹೆಂಗೆ ಮಾಡ್ದೆ?" ಎಂದು ಕೇಳಿದೆ. ನಾನು ಮಿಸ್ ಎಂಬುದು ಮರೆತುಹೋದವನಂತೆ ಥಟ್ಟನೆ ಹೇಳಿದ: "ಕಾಯಿಗೆ ರೂಪಾಯಿ ಅಂತ ಲೆಕ್ಕ ಹಾಕ್ಬುಟ್ಟು, ಕಾಯಿಗೆ ಹತ್ತು ಪೈಸೆಯಂಗೆ ತಗುದ್ರಾತು ಮಿಸ್. ನೂರಿಪ್ಪತ್ನಾಲ್ಕು ಕಳುದ್ರೆ ಆತು."

ನೂರು ಎಕ್ಸ್‌ನಿಂದ ಹತ್ತು ಎಕ್ಸ್ ಕಳೆದರೆ ತೊಂಬತ್ತು ಎಕ್ಸ್. ಸಜಾತಿ ಪದಗಳ ವ್ಯವಕಲನ. ನಾನು ಮೂರು ಪೀರಿಯಡ್ ಹೆಣಗಿ ಕಲಿಸಲಾಗದ್ದು ಅವನ ಕೈಯಲ್ಲಿ ಮೊದಲೇ ಇತ್ತು. ಬ್ರೆಜಿಲಿನ ರೆಸಿಫೆ ನಗರದಲ್ಲಿ ಬೀದಿ ವ್ಯಾಪಾರ ಮಾಡುವ ಐದು ಮಕ್ಕಳನ್ನು ಇಟ್ಟುಕೊಂಡು ಮಾಡಿದ 1985ರ ಒಂದು ಅಧ್ಯಯನ ಇದೆ. ವ್ಯಾಪಾರದ ನಡುವೆ ಕೇಳಿದಾಗ ನೂರಕ್ಕೆ 98ರಷ್ಟು ಲೆಕ್ಕ ಸರಿ ಮಾಡಿದ ಮಕ್ಕಳೇ, ಅವೇ ಲೆಕ್ಕಗಳನ್ನು ಶಾಲೆಯ ರೀತಿಯಲ್ಲಿ ಬರಿಯ ಅಂಕಿಗಳಾಗಿ ಕೊಟ್ಟಾಗ ಸರಿ ಮಾಡಿದ್ದು ನೂರಕ್ಕೆ 37ರಷ್ಟು. ಮಂಜ ಮೇಧಾವಿ ಎಂದು ಹೇಳಲು ಇದನ್ನು ಬರೆಯುತ್ತಿಲ್ಲ. ಭಿನ್ನರಾಶಿ ಅವನಿಗೆ ನಿಜಕ್ಕೂ ಬರುವುದಿಲ್ಲ, ಓದುವುದು ನಿಧಾನ. ಆದರೆ ಸ್ಲೋ ಲರ್ನರ್ ಎಂದು ರೆಕಾರ್ಡಿನಲ್ಲಿ ಬರೆದದ್ದನ್ನು ಆ ರಾತ್ರಿ ಹೊಡೆದು ಹಾಕಿದೆ. ಮುಂದೆ ಮೇಷ್ಟ್ರು ಅದನ್ನು ನೋಡಿ ಯಾಕೆಂದು ಕೇಳಿದರು. ತೋಟದ ಲೆಕ್ಕ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾನು ಅವನನ್ನ ಮಾತಾಡಿಸಿ ಎಷ್ಟು ದಿನ ಆಯ್ತೋ" ಅಂದರು.

ಬೀಜೋಕ್ತಿಯ ಪಾಠವನ್ನು ಮೊದಲಿಂದ ಶುರು ಮಾಡಲು ಅವರೇ ನಾಲ್ಕು ಪೀರಿಯಡ್ ಬಿಟ್ಟುಕೊಟ್ಟರು. ಈ ಸಲ ಮಾವು, ಬಾಳೆ ಬೇಡವೆಂದುಕೊಂಡೆ. ಆ ಉದಾಹರಣೆಯಲ್ಲಿ ಗಣಿತದ ದೋಷವೂ ಇದೆ. ಎಕ್ಸ್ ಅನ್ನೋದು ಒಂದು ವಸ್ತು ಎಂಬ ಭಾವನೆಯನ್ನು ಅದು ಮಕ್ಕಳಲ್ಲಿ ಕೂರಿಸಿಬಿಡುತ್ತದೆ. ಎಕ್ಸ್ ವಸ್ತುವಲ್ಲ, ಸಂಖ್ಯೆ. ಎಷ್ಟೆಂದು ನಮಗಿನ್ನೂ ಗೊತ್ತಿಲ್ಲ, ಅಷ್ಟೇ. ಬೋರ್ಡಿನ ಮೇಲೆ ಬಾಯಿ ಕಟ್ಟಿದ ನಾಲ್ಕು ಮೂಟೆ, ಪಕ್ಕದಲ್ಲಿ ಏಳು ಬಿಡಿ ಕಾಯಿ ಬರೆದೆ. "ಒಟ್ಟು ಎಷ್ಟು ಕಾಯಿ?" ತೆಂಗಿನ ಸೀಮೆಯ ಮಕ್ಕಳು, ತರಗತಿ ಗಲಗಲ ಎಂದಿತು. ಅರವತ್ತು ಹಿಡಿಸುತ್ತೆ ಎಂದು ಒಬ್ಬ, ಗಾತ್ರದ ಮೇಲೆ ಹೋಗುತ್ತೆ ಎಂದು ಇನ್ನೊಬ್ಬ, ಎಲ್ಲ ಮೂಟೆಗೂ ಸಮ ತುಂಬಿದಾರಾ ಮಿಸ್ ಎಂದು ಮತ್ತೊಬ್ಬಳು. ಸಮ ತುಂಬಿದಾರೆ ಅಂದೆ. "ಹಂಗಾರೆ ಒಂದು ಮೂಟೆ ಬಿಚ್ಚಿ ಎಣಿಸಿದ್ರೆ ಸಾಕು" ಎಂದಿತು ಕಿಟಕಿಯ ಕಡೆಯ ದನಿ. ಮಂಜನಲ್ಲ, ಅವನ ಪಕ್ಕದ ಹುಡುಗಿಯರ ಬೆಂಚು. ಬಿಚ್ಚುವ ತನಕ ಒಂದು ಮೂಟೆಯಲ್ಲಿರುವ ಕಾಯಿಗಳ ಸಂಖ್ಯೆಗೆ ಎಕ್ಸ್ ಎನ್ನೋಣ ಅಂದೆ. ನಾಲ್ಕು ಎಕ್ಸ್ ಕೂಡಿಸು ಏಳು. ಹಿಂದಿನ ಪರೀಕ್ಷೆಯಲ್ಲಿ ಇಂಥದ್ದಕ್ಕೆ ಅರ್ಧ ತರಗತಿ ಹನ್ನೊಂದು ಎಕ್ಸ್ ಎಂದು ಬರೆದಿತ್ತು. ಈ ಸಲ ಹಾಗೆ ಅಂದವರನ್ನು ಮಕ್ಕಳೇ ತಡೆದರು: "ಏಯ್, ಬಿಡಿ ಕಾಯಿ ಮೂಟೆ ಆಯ್ತದೇನೋ!"

ಅಯಸ್ಕಾಂತದ ಹುಡುಗಿ ಮತ್ತೆ ಎದ್ದಳು. "ಮಿಸ್, ಹಾಗಾದ್ರೆ ವಿಜಾತಿ ಸೇರಲ್ಲ ಅಂತಲ್ಲ. ಎಕ್ಸ್ ಎಷ್ಟು ಅಂತ ಗೊತ್ತಾದ್ರೆ ಸೇರ್ತವೆ."

ಈ ಸಲ ಗಡಿಯಾರ ನೋಡಲಿಲ್ಲ. ಹೌದು, ಸೇರುತ್ತವೆ, ನಿನ್ನ ಮೊದಲ ಪ್ರಶ್ನೆಗೆ ಆವತ್ತು ನಾನು ಉತ್ತರ ಕೊಡದೆ ಕೂರಿಸಿದ್ದು ತಪ್ಪು ಅಂದೆ. ಸಜಾತಿ, ವಿಜಾತಿ ಎಂಬ ಮಾತುಗಳು ಪರೀಕ್ಷೆಯಲ್ಲಿ ಬರುತ್ತವೆ, ಆದ್ದರಿಂದ ತಿಳಿದಿರಬೇಕು. ಅಲ್ಲಿ ಜಾತಿ ಎಂದರೆ ಬಗೆ ಎಂದಷ್ಟೇ ಅರ್ಥ, ನಾವು ತರಗತಿಯಲ್ಲಿ ‘ಒಂದೇ ಬಗೆಯ ಪದ’, ‘ಬೇರೆ ಬಗೆಯ ಪದ’ ಎನ್ನೋಣ ಎಂದೂ ಹೇಳಿದೆ. ಗಣಿತದ ಪರಿಭಾಷೆ ಮಾಡಿದವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ ಎಂಬುದು ನನಗೆ ಗೊತ್ತು. ಆದರೆ ಪದ ಕಿವಿಗೆ ಬಿದ್ದಾಗ ಹದಿಮೂರು ವರ್ಷದ ಮಗು ಅದನ್ನು ತನ್ನ ಊರಿನ ಅರ್ಥದಲ್ಲೇ ಕೇಳಿಸಿಕೊಳ್ಳುತ್ತದೆ.

ಗುಂಪು ಕೆಲಸಕ್ಕೆ ಜಿಗ್ಸಾ ವಿಧಾನ ಹಿಡಿದೆ. ಗುಂಪಿನ ಒಬ್ಬೊಬ್ಬರಿಗೆ ಪಾಠದ ಒಂದೊಂದು ತುಂಡು. ಅವರು ಬೇರೆ ಗುಂಪಿನಲ್ಲಿ ಅದೇ ತುಂಡು ಪಡೆದವರ ಜೊತೆ ಕೂತು ಕಲಿತು, ತಮ್ಮ ಗುಂಪಿಗೆ ಬಂದು ಕಲಿಸಬೇಕು. ಯಾರನ್ನು ಬಿಟ್ಟರೂ ಪಾಠ ಪೂರ್ತಿಯಾಗದು. ಇದನ್ನು ನಾವು ಐದು ಅಂಕದ ಪ್ರಶ್ನೆಯಾಗಿ ಓದಿದ್ದೆವು, ಹಂತಗಳ ಸಮೇತ. ಮನೋವಿಜ್ಞಾನಿ ಎಲಿಯಟ್ ಅರಾನ್‌ಸನ್ ಇದನ್ನು 1971ರಲ್ಲಿ ಅಮೆರಿಕದ ಟೆಕ್ಸಾಸಿನ ಆಸ್ಟಿನ್ ನಗರದಲ್ಲಿ ರೂಪಿಸಿದ್ದು, ಕರಿಯ ಬಿಳಿಯ ಮಕ್ಕಳು ಮೊದಲ ಬಾರಿಗೆ ಒಂದೇ ತರಗತಿಗೆ ಬಂದು ಹೊಡೆದಾಟಕ್ಕೆ ನಿಂತಿದ್ದ ಹೊತ್ತಿನಲ್ಲಿ, ಎಂಬುದು ನನ್ನ ನೋಟ್ಸಿನಲ್ಲಿ ಎಲ್ಲೂ ಇರಲಿಲ್ಲ. ಯಾವ ಗಾಯಕ್ಕೆ ಅರೆದ ಮದ್ದು ಎಂಬುದನ್ನು ಹೇಳದೆ ಮದ್ದಿನ ಹೆಸರನ್ನಷ್ಟೇ ಕಲಿಸಿದಂತಾಗಿತ್ತು.

ಗುಂಪನ್ನು ಒಂದು, ಎರಡು, ಮೂರು ಎಂದು ಎಣಿಸಿ ಮಾಡುತ್ತಿದ್ದೆ, ಪ್ರತಿವಾರ ಎಣಿಕೆಯ ತುದಿ ಬದಲಿಸುತ್ತಿದ್ದೆ. ಎಲ್ಲವೂ ಸುಸೂತ್ರವಾಗಿ ನಡೆಯಿತು ಎನ್ನಲಾರೆ. ಮೊದಲ ವಾರ ಎರಡು ಗುಂಪುಗಳಲ್ಲಿ ಮಕ್ಕಳು ಬೆಂಚಿನ ಎರಡು ತುದಿಗೆ ಸರಿದು ಕೂತರು. ಒಬ್ಬಳು "ಯಾರ ಪಕ್ಕ ಕೂತಿದ್ದೆ ಅಂತ ಮನೇಲಿ ಕೇಳ್ತಾರೆ ಮಿಸ್" ಎಂದು ನನ್ನ ಕಿವಿಯಲ್ಲಿ ಹೇಳಿದಳು. ಅವಳಿಗೆ ಏನು ಹೇಳಬೇಕಿತ್ತೋ ನನಗೆ ಇವತ್ತಿಗೂ ಸರಿಯಾಗಿ ಗೊತ್ತಿಲ್ಲ. "ಗಣಿತ ಕಲಿಯೋಕೆ ಕೂತಿದ್ದೆ ಅನ್ನು" ಅಂದೆ. ಹದಿನೈದನೇ ವಾರ ಸಮಾಜಮಿತಿಯ ಚೀಟಿಯನ್ನು ಮತ್ತೆ ಬರೆಸಿದೆ. ಆ ಏಳು ಮಕ್ಕಳ ಕಡೆ ಹೊರಗಿನಿಂದ ಬಂದ ಬಾಣಗಳು ಎರಡಿದ್ದದ್ದು ಆರಾಗಿದ್ದವು. ಅದರಲ್ಲಿ ಒಂದು ಮಂಜನಿಗೆ, "ಏಯ್, ಬಿಡಿ ಕಾಯಿ" ಎಂದ ಹುಡುಗನಿಂದ.

ಕೊನೆಯ ವಾರದ ಪರೀಕ್ಷೆಯಲ್ಲಿ ಮಂಜನಿಗೆ 25ಕ್ಕೆ 11 ಬಂತು. ಅಂದು ಯಾವ ಪಟ್ಟಿಯನ್ನೂ ಓದಲಿಲ್ಲ. ಆಫೀಸಿನ ಪಟ್ಟಿ ಬಂದಾಗಲೆಲ್ಲ ಊಟದ ಹೊತ್ತಿನಲ್ಲಿ ಒಬ್ಬೊಬ್ಬರನ್ನೇ ಕರೆದು ಹೇಳುವುದನ್ನು ಮೇಷ್ಟ್ರೂ ಶುರು ಮಾಡಿದ್ದರು. ಪತ್ರಿಕೆಯ ಎಂಟನೇ ಪ್ರಶ್ನೆ: ನಾಲ್ಕು ಎಕ್ಸ್ ಕೂಡಿಸು ಏಳು, ಸರಳೀಕರಿಸಲು ಸಾಧ್ಯವೇ? ಕಾರಣ ಕೊಡಿ. ವಿಜಾತಿ ಪದಗಳಾದ್ದರಿಂದ ಸಾಧ್ಯವಿಲ್ಲ ಎಂಬುದು ನಾನು ಬರೆದುಕೊಟ್ಟ ಮಾದರಿ ಉತ್ತರ, ಎರಡು ಅಂಕ. ಮಂಜ ದುಂಡಗಿನ ಅಕ್ಷರದಲ್ಲಿ ಬರೆದಿದ್ದ: ‘ಎಕ್ಸ್ ಎಷ್ಟು ಅಂತ ಹೇಳಿಲ್ಲ. ಹೇಳಿದರೆ ಸೇರಿಸುತ್ತೇನೆ.’

ಎರಡಕ್ಕೆ ಎರಡು ಕೊಟ್ಟು, ಪಕ್ಕದಲ್ಲಿ ಪೆನ್ಸಿಲಿನ ಚುಕ್ಕೆ ಇಟ್ಟೆ. ಆ ಹಾಳೆಯನ್ನು ನನ್ನ ರೆಕಾರ್ಡಿನ ಜೊತೆ ಇಟ್ಟುಕೊಳ್ಳಲೇ ಎಂದು ಮೇಷ್ಟ್ರನ್ನು ಕೇಳಿದೆ. ಉತ್ತರಪತ್ರಿಕೆ ಶಾಲೆಯ ದಾಖಲೆ, ಕೊಡಲು ಬರುವುದಿಲ್ಲ ಅಂದರು. ಅಲ್ಲೇ ಸ್ಟಾಫ್ ರೂಮಿನಲ್ಲಿ ಕೂತು, ವ್ಯಕ್ತಿ ಅಧ್ಯಯನದ ಕೊನೆಯ ಪುಟ ತೆರೆದು, ‘ತೀರ್ಮಾನ’ ಎಂಬ ಕಲಂನಲ್ಲಿ ಆ ಎರಡು ವಾಕ್ಯಗಳನ್ನು ಅವನು ಬರೆದಂತೆಯೇ ಇಳಿಸಿಕೊಂಡೆ.